ಬೇಲಿಯಾಚೆ ನೀರಾ, ಈಚೆ ಹೆಂಡ

ದುರ್ಗಯ್ಯ ಕೋರ್ಟಿನಲ್ಲಿ ನಾಲ್ಕು ಸಲ ತಪ್ಪಾಯ್ತು ಅಂದಿದ್ದ. ಏನು ತಪ್ಪು ಅಂತ ನಾಲ್ಕು ಸಲವೂ ಅವನನ್ನು ಯಾರೂ ಕೇಳಲಿಲ್ಲ. ಅವನೂ ಕೇಳಲಿಲ್ಲ.

ಹೇಳಿಕೊಟ್ಟವನು ಒಬ್ಬ ಪೇದೆ. ಮೊದಲ ಸಲ ಕಟಕಟೆ ಹತ್ತಿದಾಗ ದುರ್ಗಯ್ಯನಿಗೆ ಮೂವತ್ತಾರು ವರ್ಷ. ಕಾಲು ಎಲ್ಲಿ ಊರಬೇಕು ಅಂತ ತಿಳಿಯಲಿಲ್ಲ. ಅರವತ್ತಡಿ ತೆಂಗಿನ ಮರದ ತುದಿಯಲ್ಲಿ ಗಾಳಿಗೆ ತೂಗಾಡುವಾಗಲೂ ತಪ್ಪದ ಕಾಲು ಅದು. ಹಿಂದೆ ನಿಂತಿದ್ದ ಪೇದೆ ಕಿವಿಯ ಹತ್ತಿರ ಬಗ್ಗಿ, "ತಪ್ಪಾಯ್ತು ಬುದ್ದಿ ಅನ್ಲಾ. ದಂಡ ಕಟ್ಟಿ ಸಂಜೆಗೆ ಮನೆ ಸೇರ್ಕತೀಯ. ಇಲ್ಲ ಅಂದ್ಯೋ, ವರ್ಷಗಟ್ಲೆ ಅಲೀತೀಯ" ಅಂದ. ದುರ್ಗಯ್ಯನಿಗೆ ಅದೇನು ಹೊಸ ಮಾತೇ? ಮಾತು ಬಂದಾಗಿನಿಂದ ಆಡಿಕೊಂಡು ಬಂದ ಮಾತು. ಯಜಮಾನರ ಎದುರಿಗೆ ಬೀಡಿ ಹಚ್ಚಿದರೆ ತಪ್ಪಾಯ್ತು. ಕಿತ್ತ ಕಾಯಿ ಯಾರದೋ ಹಸುವಿನ ಪಕ್ಕ ಬಿದ್ದರೆ ತಪ್ಪಾಯ್ತು. ಕೂಲಿ ಕೇಳಲು ಹೋದಾಗ ಯಜಮಾನರು ಊಟಕ್ಕೆ ಕೂತಿದ್ದರೆ ಅದಕ್ಕೂ ತಪ್ಪಾಯ್ತು. ಬಾಯಿ ತಾನೇ ಅಂದುಬಿಟ್ಟಿತು. ಕೈ ತಾನೇ ಮುಗಿಯಿತು.

ಅವನ ಮನೆತನದ ಕಸುಬು ತೆಂಗಿನ ಮರದಿಂದ ರಸ ಇಳಿಸುವುದು. ಅಜ್ಜ ಇಳಿಸಿದ, ಅಪ್ಪ ಇಳಿಸಿದ, ಇವನೂ ಇಳಿಸಿದ. ಅಪ್ಪನ ಕಾಲದಲ್ಲಿ ಸಂಜೆ ಹೊತ್ತು ಊರಿನ ದೊಡ್ಡವರೆಲ್ಲ ಚೊಂಬು ಕಳಿಸಿ ತರಿಸಿಕೊಂಡು ಕುಡಿದರು. ಆಮೇಲೆ ಸರ್ಕಾರ ಹೆಂಡ ನಿಲ್ಲಿಸಿತು. ಕುಡಿದವರು ಮೂತಿ ಒರೆಸಿಕೊಂಡು ಬಾರಿಗೆ ಹೋದರು. ಇಳಿಸಿದವನು ಕಳ್ಳನಾದ. ದುರ್ಗಯ್ಯ ಊರಿನ ಯಜಮಾನ ಬಸವರಾಜಪ್ಪನ ತೋಟದಲ್ಲಿ ಕಾಯಿ ಕೀಳುವ, ಸುಲಿಯುವ ಕೂಲಿಗೆ ನಿಂತ. ಆದರೆ ಕೈ ಸುಮ್ಮನಿರಬೇಕಲ್ಲ! ಮನೆ ಹಿಂದೆ ಅವನದೇ ಒಂದು ಮರ ಇತ್ತು. ಒಂದೇ ಒಂದು. ಎಂದೋ ಕೂಲಿಯ ಬದಲಿಗೆ ಬಸವರಾಜಪ್ಪನ ತಂದೆ ಕೊಟ್ಟ ಸಸಿಯನ್ನು ಅಪ್ಪ ನೆಟ್ಟು ಬೆಳೆಸಿದ್ದು. ಕಾಲೋನಿಯ ಹಿಂದಿನ ತಂತಿ ಬೇಲಿಗೆ ಅಂಟಿಕೊಂಡೇ ಇತ್ತು. ಬೇಲಿ ದಾಟಿದರೆ ಬಸವರಾಜಪ್ಪನ ಹನ್ನೆರಡು ಎಕರೆ ತೋಟ. ದುರ್ಗಯ್ಯ ಕೋಳಿ ಕೂಗುವುದಕ್ಕೆ ಮುಂಚೆ ಹತ್ತುತ್ತಿದ್ದ, ಬೆಳಕು ಹರಿಯುವುದರೊಳಗೆ ಇಳಿಯುತ್ತಿದ್ದ. ತನ್ನ ಮರವನ್ನು ತಾನೇ ಕಳ್ಳನ ಹಾಗೆ ಹತ್ತುವುದು. ಇಪ್ಪತ್ತು ವರ್ಷದಲ್ಲಿ ನಾಲ್ಕು ಸಲ ಸಿಕ್ಕಿಬಿದ್ದ. ನಾಲ್ಕು ಸಲ ತಪ್ಪಾಯ್ತು.

ಹೀಗಿರುವಾಗ ಒಂದು ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದರು. ದಬ್ಬೇಘಟ್ಟದ ಕಡೆಯಿಂದ ಬಂದ ಆಟೋ ಕಾಲೋನಿಯ ಮುಂದೆ ನಿಧಾನ ಮಾಡಿತು. "ತೆಂಗು ಬೆಳೆಗಾರರಿಗೆ ಸಿಹಿ ಸುದ್ದಿ! ನಮ್ಮ ಬೆಳೆಗಾರರ ಕಂಪನಿಗೆ ನೀರಾ ಇಳಿಸಲು ಸರ್ಕಾರದ ಅನುಮತಿ ದೊರೆತಿದೆ! ಕಲ್ಪವೃಕ್ಷದ ಅಮೃತ! ಆರೋಗ್ಯಕ್ಕೆ ಉತ್ತಮ!" ಕಂಪನಿಯ ಅಧ್ಯಕ್ಷ ಬಸವರಾಜಪ್ಪ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವನು, ಮಾತಿಗೆ ಮುಂಚೆ ನಗುವವನು.

ದುರ್ಗಯ್ಯ ಹಟ್ಟಿಯ ಬಾಗಿಲಲ್ಲಿ ನಿಂತು ಕೇಳಿದ. ಇನ್ನೊಂದು ಸಲ ಕೇಳೋಣ ಅಂತ ಆಟೋದ ಹಿಂದೆ ಮೂರು ತಿರುವು ನಡೆದ. ಬಂದು ಹೆಂಡತಿಗೆ ಹೇಳಿದ.

"ಅಂಕಮ್ಮಿ, ಇನ್ಮೇಕೆ ತಪ್ಪಲ್ವಂತೆ ಕಣೇ."

"ಏನ್ ತಪ್ಪಲ್ವಂತೆ?"

"ರಸ ಇಳ್ಸೋದು. ಸರ್ಕಾರನೇ ಹೂಂ ಅಂದೈತಂತೆ. ಮೈಕ್ನಾಗೆ ಕೂಗ್ತಾವ್ರೆ."

ಅಂಕಮ್ಮ ನಂಬಲಿಲ್ಲ. ಅವಳು ಬಸವರಾಜಪ್ಪನ ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವವಳು. ಉಂಡೆಗೆ ಮಚ್ಚು ತಾಗಬಾರದು. ತಾಗಿದರೆ ಬಯ್ಗುಳ. ಬೆರಳಿಗೆ ತಾಗಿದರೆ ಯಾರೂ ಏನೂ ಕೇಳುವುದಿಲ್ಲ. ಅವಳ ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. "ಸರ್ಕಾರ ಹೂಂ ಅನ್ನೋದು ನಮ್ಗಾ?" ಅಂದಳು. ಅಷ್ಟೇ. ದುರ್ಗಯ್ಯ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೇ ದಿನ ಬಿಸಿಲು ಏರಿದ ಮೇಲೆ, ಎಲ್ಲರೂ ನೋಡುವ ಹಾಗೆ, ಅವನು ಮರ ಹತ್ತಿದ. ಕಾಲಿಗೆ ಹಗ್ಗದ ಕುಣಿಕೆ, ಸೊಂಟದಲ್ಲಿ ಕತ್ತಿ, ಹೆಗಲಿಗೆ ಚೀಲ. ಚೀಲದಲ್ಲಿ ಒಂದು ಎಮ್ಮೆ ಮೂಳೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದ ಮೂಳೆ. ಮೂರು ತಲೆಮಾರಿನ ಅಂಗೈ ಸವೆಸಿ ಸವೆಸಿ ಅದು ದಂತದ ಹಾಗೆ ನುಣುಪಾಗಿತ್ತು. ಇನ್ನೂ ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು ಆ ಮೂಳೆಯಿಂದ ಮೆಲ್ಲಗೆ ಬಡಿಯಬೇಕು. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ, ದಿನಾ ಎರಡು ಹೊತ್ತು. ಜೋರಾದರೆ ಒಳಗಿನ ಹೂವು ಜಜ್ಜಿ ಕೊಳೆಯುತ್ತದೆ. ಮೆದುವಾದರೆ ರಸ ಇಳಿಯುವುದಿಲ್ಲ. ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದ. ಎಂಟು ದಿನ ತಟ್ಟಿದ. ಒಂಬತ್ತನೇ ದಿನ ತುದಿ ಕೊಯ್ದ. ಹನಿಯಿತು. ಒಳಗೆ ಸುಣ್ಣ ಬಳಿದ ಮಡಕೆ ಕಟ್ಟಿದ. ಸುಣ್ಣ ಇದ್ದರೆ ರಸ ಸಿಹಿಯಾಗಿ ನಿಲ್ಲುತ್ತದೆ, ಅದೇ ನೀರಾ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದು ಹೆಂಡವಾಗುತ್ತದೆ.

ಮರದ ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ತನ್ನ ಮರದಿಂದ ಹಗಲಿನಲ್ಲಿ ಅದನ್ನು ನೋಡಿ ಇಪ್ಪತ್ತು ವರ್ಷವಾಗಿತ್ತು. ದುರ್ಗಯ್ಯ ಸುಮ್ಮನೆ ಒಂದು ಗಳಿಗೆ ಗರಿಯ ಬುಡದಲ್ಲಿ ಕೂತುಬಿಟ್ಟ. ಖುಷಿಗೆ ಅವನ ಕಣ್ಣು ತುಂಬಿತು. ಯಾರಾದರೂ ಕೆಳಗಿನಿಂದ ನೋಡಿ ಕೂಗಲಿ ಅನ್ನಿಸಿತು. ಯಾರೋ ಕೂಗಿದರು ಕೂಡ. "ಏನ್ ದುರ್ಗಣ್ಣ, ಮಧ್ಯಾನುಕ್ಕೇ ಹತ್ಬುಟ್ಟೆ?" ಇವನು ಮೇಲಿನಿಂದಲೇ, "ಸರ್ಕಾರದ ಆರ್ಡ್ರು ಕಣ್ಲಾ!" ಅಂದ.

ಅವರ ಮನೆಯಲ್ಲಿ ಒಂದು ಪದ್ಧತಿ. ಹೊಸ ಹೊಂಬಾಳೆಯ ಮೊದಲ ಮಡಕೆಯನ್ನು ಮನೆಯವರು ಬಾಯಿಗಿಡಬಾರದು. ಮೊದಲ ಚೊಂಬು ಯಜಮಾನರ ಮನೆಗೆ. ಅಪ್ಪ ಮಾಡಿದ್ದು ಹಾಗೆ, ಅಜ್ಜ ಮಾಡಿದ್ದೂ ಹಾಗೆ. ಕದ್ದು ಇಳಿಸುತ್ತಿದ್ದ ಇಪ್ಪತ್ತು ವರ್ಷ ಆ ಪದ್ಧತಿ ನಿಂತಿತ್ತು. ಈಗ ತಪ್ಪಲ್ಲ ಅಂದ ಮೇಲೆ ನಿಲ್ಲಿಸುವುದು ಹೇಗೆ? ದುರ್ಗಯ್ಯ ಚೊಂಬು ಬೆಳಗಿ, ಬಟ್ಟೆಯಲ್ಲಿ ಸೋಸಿ, ಮೇಲೆ ಬಾಳೆ ಎಲೆ ಮುಚ್ಚಿಕೊಂಡು ಬಸವರಾಜಪ್ಪನ ಹಿತ್ತಲಿಗೆ ಹೋಗಿ ನಿಂತ.

ಬಸವರಾಜಪ್ಪ ಹೊರಗೆ ಬಂದ. ಲೋಟಕ್ಕೆ ಮೇಲಿನಿಂದ ಹೊಯ್ಯಿಸಿಕೊಂಡ. ಕುಡಿದ. ಇನ್ನೊಂದು ಲೋಟ ಹೊಯ್ಯಿಸಿಕೊಂಡ.

"ಅಬ್ಬಬ್ಬಾ! ಎಂಥ ರುಚಿ ಕಣ್ಲಾ ದುರ್ಗ! ಸಕ್ರೆ, ಸಕ್ರೆ. ಯಾವ ಮರದ್ದು?"

"ನಮ್ದೇ ಬುದ್ದಿ. ದೊಡ್ಡಯಜಮಾನ್ರು ಕೊಟ್ಟಿದ್ದ ಸಸಿ."

"ದಿನಾ ಎಷ್ಟಿಳೀತದೆ?"

"ಎರಡ್ ಹೊತ್ತಿಂದ ಮೂರು ಲೀಟ್ರಿಗೆ ಮೋಸ ಇಲ್ಲ ಬುದ್ದಿ."

ಬಸವರಾಜಪ್ಪ ತಲೆ ಆಡಿಸಿದ. ಖಾಲಿ ಚೊಂಬಿಗೆ ಎರಡು ಬಾಳೆಹಣ್ಣು ಹಾಕಿ ಕಳಿಸಿದ. ದುರ್ಗಯ್ಯ ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದ.

ಚೊಂಬು ಕೊಟ್ಟ ಮೂರನೇ ದಿನ ಬೆಳಗ್ಗೆ ಅಬಕಾರಿ ಜೀಪು ಬಂತು. ಇನ್ಸ್‌ಪೆಕ್ಟರ್ ಶಿವಮೂರ್ತಿ ಇಳಿದ. ಹಿಂದಿನ ಎರಡು ಕೇಸು ಹಾಕಿದವನೂ ಅವನೇ. ದುರ್ಗಯ್ಯ ಮರದ ಮೇಲಿದ್ದ. ಮೇಲಿನಿಂದಲೇ ನಗುತ್ತಾ ನಮಸ್ಕಾರ ಮಾಡಿದ.

"ಇಳಿಯೋ ಬೋಳೀಮಗನೇ!"

ಇಳಿದ. "ಸ್ವಾಮಿ, ಈಗ ತಪ್ಪಲ್ವಂತಲ್ಲಾ..."

"ಯಾವನ್ಲಾ ಹೇಳ್ದೋನು?"

"ಮೈಕ್ನಾಗೆ..."

"ಲೈಸೆನ್ಸ್ ತೋರ್ಸು."

"ಲೈಸನ್ಸು ಕಂಪ್ನಿಗೆ ಕೊಟ್ಟವ್ರಂತೆ ಸ್ವಾಮಿ. ಅದೇ ಮರ, ಅದೇ ರಸ. ಸುಣ್ಣ ಬಳ್ದಿವ್ನಿ, ನೋಡಿ, ಮೂಸಿ ನೋಡಿ..."

ಮಡಕೆ ಮುಂದೆ ಚಾಚಿದ. ಇನ್ಸ್‌ಪೆಕ್ಟರ್ ಮೂಸಲಿಲ್ಲ. ಕೆನ್ನೆಗೆ ಬಾರಿಸಿದ. ಐವತ್ತಾರು ವರ್ಷದ ಗಂಡಸಿನ ಕೆನ್ನೆ. ಕಾಲೋನಿಯ ಹೆಂಗಸರು, ಮಕ್ಕಳು, ಎಲ್ಲರೂ ನೋಡುತ್ತಿದ್ದರು. ಮಂಚದ ಕೆಳಗಿನ ಮಡಕೆಗಳನ್ನು ಪೇದೆಗಳು ಹೊರಗೆಳೆದು ಒದ್ದರು. ಅಂಕಮ್ಮ ಅಡ್ಡ ಬಂದಳು. ಅವಳನ್ನು ತಳ್ಳಿದರು. ಚೀಲ ಜಾಡಿಸಿದರು, ಮೂಳೆ ಬಿತ್ತು. "ಇದೇನ್ಲಾ ಇದು, ಮಾಟ ಮಾಡ್ತೀಯ?" ಅಂತ ನಕ್ಕು ಅದನ್ನೂ ಜಪ್ತಿ ಮಾಡಿ ಜೀಪಿನೊಳಗೆ ಎಸೆದರು.

ಆಮೇಲೆ ಮಾಡಿದ್ದನ್ನು ಕೇಳಿ. ಜೀಪಿತ್ತು. ಜೀಪಿನಲ್ಲಿ ಜಾಗವೂ ಇತ್ತು. ಆದರೂ ಒಂದು ತುಂಬಿದ ಮಡಕೆಯನ್ನು ದುರ್ಗಯ್ಯನ ತಲೆಯ ಮೇಲೆ ಹೊರಿಸಿ ಊರ ನಡುವೆ ನಡೆಸಿದರು. ಜೀಪು ಹಿಂದೆ ಹಿಂದೆ ಬಂತು. ಮಡಕೆ ತುಳುಕಿ ರಸ ಮುಖದ ಮೇಲೆ, ಎದೆಯ ಮೇಲೆ ಇಳಿಯಿತು. ನಲವತ್ತು ವರ್ಷ ಮರ ತಬ್ಬಿ ತಬ್ಬಿ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾದ ಎದೆ ಅದು. ನೊಣ ಮುತ್ತಿದವು. ಓಡಿಸಲು ಕೈ ಖಾಲಿ ಇರಲಿಲ್ಲ. ಬಸ್ ನಿಲ್ಲುವ ಜಾಗದಲ್ಲಿ ಕಂಪನಿಯ ಹೊಸ ಮಳಿಗೆ. ಬಾಗಿಲಿಗೆ ಬಲೂನು ಕಟ್ಟಿದ್ದರು. ಬ್ಯಾನರಿನಲ್ಲಿ ಲೋಟ ಹಿಡಿದು ನಗುತ್ತಿದ್ದ ಬಸವರಾಜಪ್ಪ. ಕೆಳಗೆ ಪೇಟೆಯವರು ನಿಂತು ತಣ್ಣನೆಯ ನೀರಾ ಕುಡಿಯುತ್ತಿದ್ದರು. ಇನ್ಸ್‌ಪೆಕ್ಟರ್ ಜೀಪು ನಿಲ್ಲಿಸಿ ತಾನೂ ಒಂದು ಲೋಟ ತರಿಸಿಕೊಂಡ. ಅವನು ಕುಡಿದು ಮುಗಿಸುವವರೆಗೂ ದುರ್ಗಯ್ಯ ಮಡಕೆ ಹೊತ್ತು ಬಿಸಿಲಲ್ಲಿ ನಿಂತಿದ್ದ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಅಂತ ಗಾದೆ. ಗಾದೆ ಕಟ್ಟಿದವರು ಇದನ್ನು ನೋಡಿರಲಿಲ್ಲ.

ಸಂಜೆ ಜಾಮೀನಾಯಿತು. ಜಾಮೀನು ಕೊಡಿಸಿದವನು ಬಸವರಾಜಪ್ಪನೇ. ದುರ್ಗಯ್ಯ ಅವನ ಕಾರಿನ ಮುಂದೆ ದೂರದಿಂದಲೇ ಅಡ್ಡಬಿದ್ದ.

"ಏಳ್ಲಾ, ಏಳು. ನಮ್ಮನೆ ಮನ್ಷ ನೀನು, ಬುಟ್‌ಬುಡ್ತೀನಾ?" ಅಂದ ಬಸವರಾಜಪ್ಪ. ಕಾರಿನ ಬಾಗಿಲು ತೆರೆದೇ ಇತ್ತು, ಒಳಗೆ ಕೂತೇ ಮಾತಾಡಿದ. "ಕೇಳಿಲ್ಲಿ. ಸಮನ್ಸ್ ಬಂದಾಗ ಹೋಗು. ತಪ್ಪಾಯ್ತು ಅಂದ್ಬುಡು. ದಂಡ ನಾನ್ ಕಟ್ತೀನಿ. ಮಾರ್ನೇ ದಿನದಿಂದ ನಮ್ಮ ತೋಟದಲ್ಲಿ ಮರ ಹತ್ತು. ನೀರಾ ಇಳ್ಸೋಕೆ ಕಂಪ್ನಿ ಟ್ರೈನಿಂಗ್ ಕೊಡ್ಸಿದ ಹುಡುಗ್ರಿದಾರಲ್ಲ, ಹದಿನೈದು ದಿನ ಕಲ್ತು ಸರ್ಟಿಫಿಕೇಟ್ ತಂದವ್ರೆ. ಒನಕೇಲಿ ಕುಟ್ಟಿದ ಹಂಗೆ ಕುಟ್ಟಿ ನಲವತ್ತು ಹೊಂಬಾಳೆ ಕೊಳೆಸಿದ್ರು."

"ಹಂಗಾರೆ ನನ್ ಹೆಸ್ರಿಗೂ ಪರ್ಮಿಟ್ ಆಯ್ತದಾ ಬುದ್ದಿ?"

"ಅದೆಂಗಾಯ್ತದೆ? ನಾಕು ಕೇಸಲ್ಲಿ ತಪ್ಪು ಒಪ್ಪಿದೀಯ, ಇದು ಐದನೇದು. ಶಿಕ್ಷೆ ಆದವ್ರಿಗೆ ಪರ್ಮಿಟ್ ಇಲ್ಲ. ಹುಡುಗ್ರ ಹೆಸ್ರಲ್ಲಿ ನೀನು ಹತ್ತು. ಪುಸ್ತಕದಲ್ಲಿ ಅವ್ರು, ಮರದಲ್ಲಿ ನೀನು. ಯಾರ್ ನೋಡ್ತಾರೆ ಮೇಲೆ?"

"ಅಪ್ಪನ ಮೂಳೆ ಅವ್ರತ್ರನೇ ಉಳ್ಕತು ಬುದ್ದಿ."

"ಒಪ್ಕೊಂಡ್ರೆ ಅದನ್ನೆಲ್ಲ ನಾಶ ಮಾಡ್ತಾರೆ. ಬುಡ್ಲಾ, ಎಮ್ಮೆ ಮೂಳೆಗೇನು ಬರ? ಹಟ ಮಾಡ್ಬೇಡ. ಬಡವನ ಸಿಟ್ಟು ದವಡೆಗೆ ಮೂಲ ಕಣ್ಲಾ. ಹಟ ಮಾಡಿದ್ರೆ ಈ ಸುತ್ತಿನ ಯಾವ ತೋಟದವ್ರೂ ನಿನ್ನ ಕರೆಯಲ್ಲ. ಅಂಕಮ್ಮನ್ನೂ ಶೆಡ್ಡಿಗೆ ಕಳಿಸ್ಬೇಡ, ಕೋರ್ಟಿನ ಕೆಲಸ ಮುಗಿಯೋವರ್ಗೂ."

ನಗುತ್ತಲೇ ಹೇಳಿದ. ಕಾರು ಹೋಯಿತು. ದುರ್ಗಯ್ಯನಿಗೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ಅರ್ಥವಾಯಿತು. ಅರ್ಥವಾದ ಮೇಲೂ ಕೈ ಮುಗಿದುಕೊಂಡೇ ನಿಂತಿದ್ದ.

ಒಂದು ತಿಂಗಳು ಇಬ್ಬರೂ ಕೂಲಿಯಿಲ್ಲದೆ ಕೂತರು. ಅಂಕಮ್ಮ ರೇಷನ್ ಅಕ್ಕಿ ಬೇಯಿಸಿ ಉಪ್ಪು ಹಾಕಿ ಇಟ್ಟಳು. "ಯೋವ್, ಅಂದ್ಬುಡು ಅತ್ಲಾಗೆ. ನಾಕ್ ಸಲ ಅಂದೋನ್ಗೆ ಐದ್ನೇದು ಭಾರವಾ?" ಅಂದಳು. ದುರ್ಗಯ್ಯ ಹೂಂ ಅಂದ. ಅನ್ನುವುದು ಅಂತಲೇ ತೀರ್ಮಾನ ಮಾಡಿಕೊಂಡು ಸಮನ್ಸ್ ಹಿಡಿದು ಇಬ್ಬರೂ ಬಸ್ ಹತ್ತಿದರು. ಮರದಲ್ಲಿ ಅವನು ಕೊಯ್ದಿದ್ದ ಹೊಂಬಾಳೆ ಅಷ್ಟರಲ್ಲಿ ಒಣಗಿ ಕಡ್ಡಿಯಾಗಿತ್ತು.

ತಾಲ್ಲೂಕು ಕೋರ್ಟಿನ ಹೊಂಗೆ ಮರದ ಕೆಳಗೆ ಕೂತಿದ್ದಾಗ ಕರಿ ಕೋಟಿನ ಹುಡುಗಿಯೊಬ್ಬಳು ಬಂದಳು.

"ದುರ್ಗಯ್ಯನವ್ರೇ."

ದುರ್ಗಯ್ಯ ಹಿಂದೆ ತಿರುಗಿ ನೋಡಿದ. ತನ್ನ ಹೆಸರಿನವರು ಇನ್ಯಾರೋ ದೊಡ್ಡವರು ಇರಬೇಕು ಅಂದುಕೊಂಡ.

"ನಿಮ್ಮನ್ನೇ. ನಾನು ಭವ್ಯಶ್ರೀ. ಉಚಿತ ಕಾನೂನು ನೆರವಿನಿಂದ ನಿಮ್ಮ ಕೇಸಿಗೆ ನನ್ನ ಹಾಕಿದಾರೆ. ದುಡ್ಡೇನೂ ಬೇಡ. ನಮ್ಮೂರು ಕಿಬ್ಬನಹಳ್ಳಿ ಕಡೆ, ನಮ್ಮಪ್ಪ ಕೆಂಪಯ್ಯ ಅಂತ, ಅವ್ರೂ ತೆಂಗಿನ ತೋಟದವ್ರೇ."

"ಅಯ್ಯೋ ಬುಡಿ ಅವ್ವಾ. ತಪ್ಪಾಯ್ತು ಅಂತ ಅಂದು ಹೋಗ್ತೀನಿ."

ಅವಳು ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಳು. "ಏನು ತಪ್ಪು ಮಾಡಿದ್ರಿ?" ಅಂದಳು.

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ದುರ್ಗಯ್ಯನಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಅವಳ ಮೇಲೆಯೇ ಹಾಯ್ದ. "ನೀವೇ ಹೇಳ್ರವ್ವಾ, ಓದಿರೋರು! ಸರ್ಕಾರ ತಪ್ಪಲ್ಲ ಅಂದ್ಮೇಲೆ ನಂಗ್ಯಾಕೆ ಹೊಡೆದ್ರು? ಬೇಲಿ ಆಚೆ ಇಳಿದ್ರೆ ನೀರಾ, ಈಚೆ ಇಳಿದ್ರೆ ಹೆಂಡನಾ?"

"ಸರ್ಕಾರ ತಪ್ಪಲ್ಲ ಅಂತ ಹೇಳೇ ಇಲ್ಲ, ದುರ್ಗಯ್ಯನವ್ರೇ. ಅಲ್ಲೇ ನೀವು ಮೋಸ ಹೋಗಿದ್ದು."

"ಮತ್ತೆ ಮೈಕ್ನಾಗೆ ಕೂಗಿದ್ದು?"

"ಎರಡು ಬೇರೆ ಬೇರೆ ಕಣ್ರೀ. ನಿಮ್ಮ ಮನೆ ಹಿಂದಿನ ಬೇಲಿ ಇದೆಯಲ್ಲ, ಅದನ್ನೇ ತಗೊಳ್ಳಿ. ದಾಟಿದವ್ರಿಗೆ ಹೊಡೀತಾರೆ. ಒಂದು ದಿನ ಬೇಲಿಯನ್ನೇ ಕಿತ್ತು ಹಾಕಿದ್ರು ಅನ್ಕೊಳ್ಳಿ. ಯಾರು ನಡೆದ್ರೂ ಹೊಡೆಯೋ ಹಂಗಿಲ್ಲ. ಅದು ಅಪರಾಧ ಅಲ್ಲ ಅನ್ನೋದು. ಇನ್ನೊಂದಿದೆ. ಬೇಲಿ ಹಂಗೇ ಇರುತ್ತೆ. ಅದರಲ್ಲೊಂದು ಗೇಟು ಮಾಡ್ತಾರೆ. ಗೇಟಿಗೆ ಬೀಗ ಹಾಕಿ ಕೀಲಿ ಒಬ್ಬರ ಕೈಗೆ ಕೊಡ್ತಾರೆ. ಅವ್ರು ಹೋಗ್ಬೋದು, ಬರ್ಬೋದು. ಬೇರೆಯವ್ರು ದಾಟಿದ್ರೆ ಈಗಲೂ ಹೊಡೆತ. ಇದು ಲೈಸೆನ್ಸು, ಕಾನೂನುಬದ್ಧ ಅಂತಾರಲ್ಲ, ಅದು. ನಶೆ ಪದಾರ್ಥದ ಕಾನೂನು ಎಲ್ಲಾ ಕಡೆ ಹಿಂಗೇ ಎರಡು ದಾರಿ. ಬೇರೆ ದೇಶಗಳಲ್ಲಿ ಗಾಂಜಾ ವಿಷಯದಲ್ಲೂ ಇದೇ ಜಗಳ. ಸೇದಿದೋನನ್ನ ಜೈಲಿಗೆ ಹಾಕಬೇಡಿ ಅನ್ನೋದು ಒಂದು. ಮಾರೋಕೆ ಕಂಪನಿಗೆ ಅಂಗಡಿ ಕೊಡೋದು ಇನ್ನೊಂದು. ಅಂಗಡಿ ಕೊಟ್ಟ ಮೇಲೂ, ಅದೇ ಸೊಪ್ಪು ಇಟ್ಕೊಂಡ ಬಡವ ಜೈಲಲ್ಲೇ ಇರಬಹುದು. ಇಲ್ಲಿ ಗೇಟು ಮಾಡಿದಾರೆ. ಬೇಲಿ ಕಿತ್ತಿಲ್ಲ."

ದುರ್ಗಯ್ಯ ಸಮನ್ಸ್ ಕಾಗದ ಮಡಚಿ ಜೇಬಿಗೆ ಹಾಕಿದ. "ನಂಗೆ ಕೀಲಿ ಬ್ಯಾಡ ಕಣ್ರವ್ವಾ. ಬೇಲಿ ಕಿತ್ರೆ ಸಾಕಾಗಿತ್ತು" ಅಂದ.

"ಗೆಲ್ತೀವಿ ಅಂತ ನಾನು ಸುಳ್ಳು ಹೇಳಲ್ಲ. ಲೈಸೆನ್ಸ್ ಇಲ್ಲದೆ ನೀರಾ ಇಳಿಸಿದ್ರೂ ಕಾನೂನು ಬಿಡಲ್ಲ. ಆದ್ರೆ ಇವ್ರು ನಿಮ್ಮ ಮೇಲೆ ಬರೆದಿರೋದು ಹೆಂಡ ಅಂತ. ಹೆಂಡ ಅಂತ ಅವ್ರು ತೋರಿಸ್ಬೇಕು. ಪರೀಕ್ಷೆಗೇ ಕಳಿಸಿಲ್ಲ." ಅವಳು ಕಡತ ಬಿಡಿಸಿದಳು. "ರುಚಿ ನೋಡಿದ ಸಾಕ್ಷಿಯೊಬ್ಬರ ಹೇಳಿಕೆ ಇದೆ, ಅಷ್ಟೇ. ಓದ್ತೀನಿ ಕೇಳಿ. 'ಆರೋಪಿಯು ತಾನಾಗಿಯೇ ನಮ್ಮ ಮನೆಯ ಹಿತ್ತಲಿಗೆ ಒಂದು ಚೊಂಬು ಹೆಂಡವನ್ನು ತಂದಿದ್ದು, ನಾನು ರುಚಿ ನೋಡಿ ಖಚಿತಪಡಿಸಿಕೊಂಡು, ನಮ್ಮ ಕಂಪನಿಯ ಪರವಾನಗಿಗೆ ಧಕ್ಕೆಯಾಗಬಾರದೆಂದು ಅಬಕಾರಿಯವರಿಗೆ ಫೋನ್ ಮೂಲಕ ಮಾಹಿತಿ ನೀಡಿರುತ್ತೇನೆ. ಬಸವರಾಜಪ್ಪ.' ಇವ್ರು ಯಾರು, ಗೊತ್ತಾ?"

ಅಂಕಮ್ಮ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಎರಡ್ ಲೋಟ ಕುಡ್ದ" ಅಂದಳು. "ಸಕ್ರೆ ಅಂದ. ಚೊಂಬಿಗೆ ಬಾಳೆಣ್ಣು ಹಾಕಿದ. ಆ ಹಣ್ಣ ನಾನು ದೇವ್ರ ಮುಂದೆ ಮಡಗಿದ್ದೆ ಕಣ್ರವ್ವಾ. ಥೂ ಅವನ ಮನೆ ಹಾಳಾಗ!" ಗಂಡನ ಕಡೆ ತಿರುಗಿದಳು. "ಯೋವ್, ನೀನೀಗ ತಪ್ಪಾಯ್ತು ಅಂದ್ಯೋ, ನಾನು ನಿನ್ ಜೊತೆ ಬಸ್ ಹತ್ತಲ್ಲ."

"ಶೆಡ್ಡಿನ ಕೂಲಿ?" ಅಂದ ದುರ್ಗಯ್ಯ.

"ಎರಡು ಉಗುರು ಕೊಟ್ಟಿವ್ನಿ ಅವನ ಶೆಡ್ಡಿಗೆ. ಸಾಕು."

ಒಳಗಿನಿಂದ ಹೆಸರು ಕೂಗಿದರು. ಮೂರು ಸಲ.

ಕಟಕಟೆ ಹಳೆಯದೇ. ಮರದ ಅಂಚನ್ನು ಎಷ್ಟೋ ಜನರ ಕೈ ಹಿಡಿದು ಸವೆಸಿತ್ತು. ಮೇಜಿನ ಮೇಲೆ ಜಪ್ತಿ ಮಾಲು ಇತ್ತು. ಒಂದು ಒಡೆದ ಮಡಕೆ, ಕತ್ತಿ, ಮತ್ತೆ ಆ ಮೂಳೆ. ಮೂಳೆಗೆ ದಾರ ಕಟ್ಟಿ ಒಂದು ಚೀಟಿ ಅಂಟಿಸಿದ್ದರು. ಮೂರು ತಲೆಮಾರು ಹಿಡಿದ ಮೂಳೆಗೆ ಹೆಸರು ಹತ್ತಿತ್ತು, ಕೇಸಿನ ನಂಬರು.

ಗುಮಾಸ್ತ ಗಡಗಡ ಓದಿದ. ಹೆಸರು ದುರ್ಗಯ್ಯ. ತಂದೆ ಹೆಸರು. ವಯಸ್ಸು ಐವತ್ತಾರು. ಕಸುಬು ಕೂಲಿ. ಇಂಥ ದಿನ, ಇಂಥ ಜಾಗದಲ್ಲಿ, ಅಕ್ರಮವಾಗಿ ಹೆಂಡ. ನ್ಯಾಯಾಧೀಶರು ತಲೆ ಎತ್ತದೆ ಕೇಳಿದರು.

"ಕೇಳಿದ್ರಲ್ಲ? ತಪ್ಪು ಒಪ್ಕೋತೀರಾ?"

ಹಿಂದಿನಿಂದ ಪೇದೆ ಪಿಸುಗುಟ್ಟಿದ. "ತಪ್ಪಾಯ್ತು ಅನ್ಲಾ. ಬೇಗ."

ದುರ್ಗಯ್ಯನ ಕೈ ಆಗಲೇ ಮುಗಿದಿತ್ತು. ಬೆನ್ನು ಆಗಲೇ ಬಾಗಿತ್ತು. ತಪ್ಪಾಯ್ತು ಅನ್ನುವುದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ತನ್ನ ಕೈ ನೋಡಿಕೊಂಡ. ಹಗ್ಗ ಉಜ್ಜಿ ಗಂಟು ಗಂಟಾದ ಬೆರಳು. ಇದೇ ಕೈ ಚೊಂಬು ಬೆಳಗಿತ್ತು, ಬಟ್ಟೆಯಲ್ಲಿ ಸೋಸಿತ್ತು, ಬಾಳೆ ಎಲೆ ಮುಚ್ಚಿತ್ತು. ಈ ಕೈಯಿಂದ ಕುಡಿದವನು ಫೋನು ಮಾಡಿದ. ದುರ್ಗಯ್ಯ ಮುಗಿದ ಕೈ ಬಿಡಿಸಿದ. ಅದಕ್ಕೆ ಮರ ಹತ್ತುವಷ್ಟು ಬಲ ಬೇಕಾಯಿತು. ಕಟಕಟೆಯ ಅಂಚು ಹಿಡಿದುಕೊಂಡ.

"ಇಲ್ಲ."

ನ್ಯಾಯಾಧೀಶರು ತಲೆ ಎತ್ತಿದರು. "ಏನಂದ್ರಿ?"

"ಒಪ್ಕಳಲ್ಲ ಸ್ವಾಮಿ. ನಾನು ತಪ್ಪು ಮಾಡಿಲ್ಲ. ಹಿಂದೆ ನಾಕ್ ಸಲ ಅಂದಿದ್ದೂ ನನ್ ಮಾತಲ್ಲ. ಇವ್ರು ಹೇಳ್ಕೊಟ್ಟಿದ್ದು." ಬೆರಳು ತೋರಿಸಿದ. ಪೇದೆ ಗೋಡೆಯ ಕಡೆ ನೋಡಿದ. "ನಮ್ಮ ಮರ, ನಮ್ಮ ಕೈ, ಸುಣ್ಣ ಬಳ್ದ ಮಡಕೆ..."

ಭವ್ಯಶ್ರೀ ಕೋಟಿನ ತೋಳು ಎತ್ತಿ ತಡೆದಳು. "ಅಷ್ಟು ಸಾಕು, ದುರ್ಗಯ್ಯನವ್ರೇ. ಇವತ್ತಿಗೆ ಅಷ್ಟು ಸಾಕು." ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಆರೋಪಿ ತಪ್ಪು ಒಪ್ಪಿಕೊಂಡಿಲ್ಲ ಅಂತ ಬರೆಸಿದರು.

ಗುಮಾಸ್ತ ಹಾಳೆ ಚಾಚಿ ಇಂಕಿನ ಡಬ್ಬಿ ತಳ್ಳಿದ. "ಹೆಬ್ಬೆಟ್ಟು ಒತ್ತು."

"ಓದಿ ಹೇಳಿ" ಅಂದ ದುರ್ಗಯ್ಯ.

ಅಂಥ ಮಾತು ಗುಮಾಸ್ತನ ಸರ್ವೀಸಿನಲ್ಲಿ ಅಪರೂಪ. ಹುಬ್ಬು ಗಂಟಿಕ್ಕಿ ಓದಿದ. ಕಸುಬು ಕೂಲಿ ಅನ್ನುವಲ್ಲಿ ದುರ್ಗಯ್ಯ ಕೈ ಅಡ್ಡ ಹಿಡಿದ.

"ಅದು ಸುಳ್ಳು. ತಿದ್ದಿ."

"ಮತ್ತೇನು, ಕಲೆಕ್ಟರ್ ಅಂತ ಬರೀಲಾ?"

"ಮರದಿಂದ ರಸ ಇಳ್ಸೋನು ಅಂತ ಬರೀರಿ. ಸಿಹಿ ಇದ್ರೆ ನೀವು ನೀರಾ ಅನ್ನಿ, ಹುಳಿ ಬಂದ್ರೆ ಹೆಂಡ ಅನ್ನಿ. ಏನಾರ ಅನ್ಕಳಿ. ಇಳ್ಸೋನು ನಾನು. ನಮ್ಮಪ್ಪ ಇಳ್ಸಿದ, ನಮ್ಮಜ್ಜ ಇಳ್ಸಿದ. ಅಲ್ಲಿ ಐತಲ್ಲ ಮೂಳೆ, ಅದು ನಮ್ಮದು. ಕೂಲಿ ಅಂತ ಬರ್ದ್ರೆ ನಾನು ಹೆಬ್ಬೆಟ್ಟು ಒತ್ತಲ್ಲ."

ಭವ್ಯಶ್ರೀ ಹಣೆ ಒತ್ತಿಕೊಂಡಳು. ರಸ ಇಳಿಸಿದ್ದನ್ನು ತಾನೇ ಒಪ್ಪಿಕೊಂಡ ಹಾಗೆ, ಇದು ಕೇಸಿಗೆ ಒಳ್ಳೆಯದಲ್ಲ ಅಂತ ಅವಳಿಗೆ ಗೊತ್ತು. ಆದರೂ ದುರ್ಗಯ್ಯನ ಮುಖ ನೋಡಿ ತಡೆಯಲಿಲ್ಲ. ನ್ಯಾಯಾಧೀಶರು ಅರೆಗಳಿಗೆ ಆ ಮೂಳೆಯನ್ನು ನೋಡಿದರು.

"ತಿದ್ದಿ" ಅಂದರು ಗುಮಾಸ್ತನಿಗೆ. "ಅವರು ಹೇಳಿದ ಹಾಗೇ ಬರೀರಿ."

ತಿದ್ದಿದ ಮೇಲೆ ದುರ್ಗಯ್ಯ ಒತ್ತಿದ. ಗಟ್ಟಿಯಾಗಿ ಒತ್ತಿದ.

"ಮೂಳೆ ಕೊಡ್ತೀರಾ ಸ್ವಾಮಿ?"

"ತೀರ್ಪಾಗೋವರೆಗೂ ಇಲ್ಲೇ ಇರುತ್ತೆ."

"ಜೋಪಾನ" ಅಂದ ದುರ್ಗಯ್ಯ. "ಕೆಳಗೆ ಬೀಳಿಸ್ಬ್ಯಾಡಿ."

"ಮುಂದಿನ ತಿಂಗಳು ಹದಿನಾಲ್ಕು. ಒಂದನೇ ಸಾಕ್ಷಿ ಬಸವರಾಜಪ್ಪನವರಿಗೆ ಸಮನ್ಸ್" ಅಂತ ಗುಮಾಸ್ತ ಕೂಗಿದ.

ಮೆಟ್ಟಿಲು ಇಳಿಯುವಾಗ ದುರ್ಗಯ್ಯ ಭವ್ಯಶ್ರೀಯನ್ನು ಕೇಳಿದ. "ಅವ್ರೂ ಅದ್ರಾಗೇ ನಿಂತ್ಕಬೇಕಾ ಅವ್ವಾ? ನಾನು ನಿಂತಿದ್ನಲ್ಲ, ಅದ್ರಾಗೆ?"

"ಸಾಕ್ಷಿ ಕಟಕಟೆ ಎದುರಿಗಿದೆಯಲ್ಲ, ಅದು. ಎತ್ತರ ಒಂದೇ."

ಕೋರ್ಟಿನ ಗೇಟಿನ ಹೊರಗೆ ಕಾರು ನಿಂತಿತ್ತು. ದಂಡ ಕಟ್ಟಲು ಬಸವರಾಜಪ್ಪ ತಾನೇ ಬಂದಿದ್ದ. ಗಾಜು ಇಳಿಸಿ, "ಆಯ್ತೇನ್ಲಾ? ಎಷ್ಟು ಹಾಕಿದ್ರು?" ಅಂತ ನಕ್ಕ. ದುರ್ಗಯ್ಯ ಕಾರಿನ ಹತ್ತಿರ ಹೋದ. ಇವತ್ತಿನವರೆಗೆ ಆ ಕಾರಿನಿಂದ ನಾಲ್ಕು ಮಾರು ದೂರ ನಿಂತೇ ಮಾತಾಡಿದವನು, ಇವತ್ತು ಬಾಗಿಲಿಗೆ ಕೈ ಊರಿ ನಿಂತ. ಹೆಬ್ಬೆರಳ ಇಂಕು ಬಿಳಿ ಬಾಗಿಲಿಗೆ ಹತ್ತಿತು.

"ಯಜಮಾನ್ರೇ, ಮುಂದಿನ ತಿಂಗ್ಳು ಹದಿನಾಕಕ್ಕೆ ನೀವು ಬರ್ಬೇಕಂತೆ."

"ನಾನಾ? ಯಾಕೆ?"

"ಎರಡು ಲೋಟ ಕುಡಿದ್ರಲ್ಲ. ರುಚಿ ಹೆಂಗಿತ್ತು ಅಂತ ಕಟಕಟೇಲಿ ನಿಂತು ಹೇಳ್ಬೇಕಂತೆ. ಸಕ್ರೆ ಅಂದಿದ್ರಿ. ಹಂಗೇ ಹೇಳಿ."

ಬಸವರಾಜಪ್ಪನ ನಗು ಮುಖದ ಮೇಲೆ ಹಾಗೇ ಉಳಿಯಿತು, ಇಳಿಸುವುದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ. "ಲೇ ದುರ್ಗ..." ಅಂದ.

"ದುರ್ಗಯ್ಯ" ಅಂದಳು ಹಿಂದಿನಿಂದ ಅಂಕಮ್ಮ.

ಇಬ್ಬರೂ ಬಸ್ ಸ್ಟಾಂಡಿನ ಕಡೆ ಹೊರಟರು. ದುರ್ಗಯ್ಯ ಕೈ ಮುಗಿಯಲಿಲ್ಲ. ದಾರಿಯಲ್ಲಿ ಸುಣ್ಣದ ಅಂಗಡಿ ಸಿಕ್ಕಿತು. ಅಂಕಮ್ಮ ನಿಂತು ಮಡಕೆಗೆ ಅಂತ ಕಾಲು ಕೇಜಿ ಕೊಂಡಳು.